ಬೆಳಗಿನ ಜಾವದ ಕಿಕಾಫ್: ಬೆಂಗಳೂರಿನಲ್ಲಿ ಕೂತು ಎನ್‌ಎಫ್‌ಎಲ್ ನೋಡುವ ಲೆಕ್ಕಾಚಾರ

ಅಮೆರಿಕನ್ ಫುಟ್‌ಬಾಲ್ ಅರ್ಥವಾಗಲಿಲ್ಲ ಅಂತ ನೋಡುವುದನ್ನು ಬಿಟ್ಟವರು ಕಡಿಮೆ. ನಾಲ್ಕು ಪಂದ್ಯ ನೋಡಿದರೆ ಆಟ ತಲೆಗೆ ಹತ್ತುತ್ತದೆ. ನಮ್ಮ ಕಡೆಯವರು ಬಿಡುವುದು ನಿದ್ದೆಗೆಟ್ಟು. ಸೆಪ್ಟೆಂಬರಿನಲ್ಲಿ ಹುಮ್ಮಸ್ಸಿನಿಂದ ರಾತ್ರಿಯಿಡೀ ಕೂತವರು ದಸರಾ ಕಳೆಯುವಷ್ಟರಲ್ಲಿ ಬರೀ ಸ್ಕೋರ್ ನೋಡುತ್ತಿರುತ್ತಾರೆ, ದೀಪಾವಳಿ ಕಳೆದ ಮೇಲೆ ಅದೂ ಇಲ್ಲ. ವರ್ಷಾನುಗಟ್ಟಲೆ ಇಲ್ಲಿಂದಲೇ ನೋಡಿಕೊಂಡು ಬಂದವರೆಲ್ಲ ಆಟಕ್ಕಿಂತ ಮೊದಲು ಗಡಿಯಾರ ಕಲಿತವರು.

ಅಮೆರಿಕನ್ ಫುಟ್‌ಬಾಲಿನ ಲೀಗಾದ ಎನ್‌ಎಫ್‌ಎಲ್‌ನ ವೇಳಾಪಟ್ಟಿ ಬರುವುದು ನ್ಯೂಯಾರ್ಕ್ ಸಮಯದಲ್ಲಿ. ಸೀಸನ್ ಶುರುವಾಗುವ ಸೆಪ್ಟೆಂಬರಿನಿಂದ ನವೆಂಬರ್ ಮೊದಲ ಭಾನುವಾರದವರೆಗೆ ನಾವು ಅವರಿಗಿಂತ ಒಂಬತ್ತೂವರೆ ಗಂಟೆ ಮುಂದೆ, ಆ ಭಾನುವಾರದಿಂದ ಹತ್ತೂವರೆ ಗಂಟೆ ಮುಂದೆ. ಬಾಯಿಲೆಕ್ಕ ಸುಲಭ: ಅಲ್ಲಿನ ಹಗಲನ್ನು ರಾತ್ರಿ ಮಾಡಿ, ರಾತ್ರಿಯನ್ನು ಹಗಲು ಮಾಡಿ, ಎರಡೂವರೆ ಗಂಟೆ ಕಳೆಯಿರಿ. ಅಲ್ಲಿ ಮಧ್ಯಾಹ್ನ 1 ಅಂದರೆ ಇಲ್ಲಿ ರಾತ್ರಿ 1 ಎಂದಿಟ್ಟುಕೊಂಡು ಎರಡೂವರೆ ಕಳೆದರೆ ರಾತ್ರಿ 10:30. ಅಲ್ಲಿ ರಾತ್ರಿ 8:20 ಅಂದರೆ ಇಲ್ಲಿ ಬೆಳಿಗ್ಗೆ 5:50. ನವೆಂಬರಿನಲ್ಲಿ ಅವರು ಗಡಿಯಾರ ಹಿಂದಿಟ್ಟ ಮೇಲೆ ಕಳೆಯಬೇಕಾದ್ದು ಒಂದೂವರೆ ಗಂಟೆ ಮಾತ್ರ.

ಹೀಗಾಗಿ ನಮಗೆ ಭಾನುವಾರದ ಪಂದ್ಯಗಳು ಮೂರು ಪಾಳಿಯಲ್ಲಿ ಬರುತ್ತವೆ. ಮೊದಲನೆಯದು ಭಾನುವಾರ ರಾತ್ರಿ 10:30ಕ್ಕೆ, ಎರಡನೆಯದು ನಡುರಾತ್ರಿ ದಾಟಿ 1:35ಕ್ಕೋ 1:55ಕ್ಕೋ, ಮೂರನೆಯದು ಸೋಮವಾರ ಬೆಳಿಗ್ಗೆ 5:50ಕ್ಕೆ. ನವೆಂಬರಿನ ಆ ಮೊದಲ ಭಾನುವಾರದಿಂದ ಎಲ್ಲವೂ ಒಂದು ಗಂಟೆ ತಡ. ಅವರ ಸೋಮವಾರ ರಾತ್ರಿಯ ಪಂದ್ಯ ನಮಗೆ ಮಂಗಳವಾರ ಬೆಳಿಗ್ಗೆ 5:45ಕ್ಕೆ, ಗುರುವಾರ ರಾತ್ರಿಯದು ಶುಕ್ರವಾರ ಬೆಳಿಗ್ಗೆ. ಹೊಸಬರು ತಪ್ಪುವುದೇ ಇಲ್ಲಿ. ಗುರುವಾರ ಬೆಳಿಗ್ಗೆ ಎದ್ದು ಕೂತು, ಟೀವಿಯಲ್ಲಿ ಏನೂ ಇಲ್ಲದೆ ಸಪ್ಪೆ ಮುಖ ಮಾಡಿಕೊಂಡು ಮತ್ತೆ ಮಲಗುತ್ತಾರೆ.

ಎರಡನೆಯ ತಪ್ಪು ಮೊಬೈಲಿನ ಅಲಾರಂನದು. ಭಾರತದ ಸಮಯದಲ್ಲಿ 5:30ಕ್ಕೆ ‘ಪ್ರತಿ ಸೋಮವಾರ’ ಅಂತ ಇಟ್ಟರೆ ನವೆಂಬರಿನಿಂದ ಅದು ಒಂದು ಗಂಟೆ ಮೊದಲೇ ಎಬ್ಬಿಸುತ್ತದೆ. ಕ್ಯಾಲೆಂಡರ್ ಆ್ಯಪಿನಲ್ಲಿ ಪಂದ್ಯ ಸೇರಿಸುವಾಗಲೇ ಟೈಮ್ ಝೋನ್ ನ್ಯೂಯಾರ್ಕ್ ಎಂದು ಆರಿಸಿಕೊಳ್ಳಿ, ಆಮೇಲೆ ಅದು ತಾನೇ ಸರಿಹೋಗುತ್ತದೆ. ಗಡಿಯಾರ ಬದಲಾಗುವುದು ಅಲ್ಲಿನ ಭಾನುವಾರ ನಸುಕಿನ 2 ಗಂಟೆಗೆ, ಹಾಗಾಗಿ ಅದೇ ದಿನದ ಪಂದ್ಯಗಳಿಗೇ ಹೊಸ ಲೆಕ್ಕ. ಅರಿಝೋನಾದ ತಂಡ ಕಾರ್ಡಿನಲ್ಸ್‌ನ ಅಭಿಮಾನಿಗಳಿಗೆ ಇನ್ನೊಂದು ತೊಡಕಿದೆ. ಅರಿಝೋನಾ ಗಡಿಯಾರ ಬದಲಿಸುವುದೇ ಇಲ್ಲ. ಅಲ್ಲಿನ ಸ್ಥಳೀಯ ಸಮಯ ನೋಡಿ ಲೆಕ್ಕ ಹಾಕುವುದಾದರೆ ವರ್ಷವಿಡೀ ಹನ್ನೆರಡೂವರೆ ಗಂಟೆ ಕೂಡಿಸಬೇಕು.

ವೇಳಾಪಟ್ಟಿಯೂ ಕಲ್ಲಿನ ಮೇಲೆ ಕೆತ್ತಿದ್ದಲ್ಲ. ರೋಚಕ ಪಂದ್ಯವನ್ನು ಭಾನುವಾರ ರಾತ್ರಿಯ ಪ್ರಮುಖ ಹೊತ್ತಿಗೆ ಎಳೆದುಕೊಳ್ಳುವ ಹಕ್ಕು ಲೀಗಿಗಿದೆ. ಅದಕ್ಕೆ ಫ್ಲೆಕ್ಸ್ ಅನ್ನುತ್ತಾರೆ. ಸಾಮಾನ್ಯವಾಗಿ 12 ದಿನ ಮುಂಚೆ ತಿಳಿಸುತ್ತಾರೆ, ಡಿಸೆಂಬರಿನ ವಾರಗಳಲ್ಲಿ 6 ದಿನ ಮುಂಚೆ. 18ನೇ ವಾರದ ಸಮಯವಂತೂ 17ನೇ ವಾರ ಮುಗಿಯುವ ಹೊತ್ತಿಗಷ್ಟೇ ಗೊತ್ತಾಗುವುದು. ಆದ್ದರಿಂದ ಕೈಯಾರೆ ಬರೆದಿಟ್ಟ ಪಟ್ಟಿ ಡಿಸೆಂಬರಿಗೆ ಕೆಲಸಕ್ಕೆ ಬರುವುದಿಲ್ಲ. ತಂಡದ ಜಾಲತಾಣದಲ್ಲಿ ತಾನಾಗಿ ತಿದ್ದಿಕೊಳ್ಳುವ ಕ್ಯಾಲೆಂಡರ್ ಇದ್ದರೆ ಅದನ್ನೇ ಮೊಬೈಲಿಗೆ ಜೋಡಿಸಿಕೊಳ್ಳಿ.

ಈಗ ತಂಡದ ಆಯ್ಕೆ. ಅಣ್ಣ ಡಲ್ಲಾಸ್‌ನಲ್ಲಿದ್ದಾನೆ, ಅದಕ್ಕೇ ಕೌಬಾಯ್ಸ್. ಅಕ್ಕ-ಭಾವ ಸನಿವೇಲ್‌ನಲ್ಲಿದ್ದಾರೆ, ಅದಕ್ಕೇ ಫಾರ್ಟಿನೈನರ್ಸ್. ನಮ್ಮಲ್ಲಿ ಹೆಚ್ಚಿನವರಿಗೆ ತಂಡ ಒದಗಿಬರುವುದು ಹೀಗೆ. ನಿದ್ದೆಯ ಲೆಕ್ಕದಲ್ಲಿ ಎರಡೂ ದುಬಾರಿ. ಫಾರ್ಟಿನೈನರ್ಸ್, ಸೀಹಾಕ್ಸ್, ರ‍್ಯಾಮ್ಸ್, ಚಾರ್ಜರ್ಸ್, ರೇಡರ್ಸ್ ಎಲ್ಲ ಪಶ್ಚಿಮದವು. ತವರಿನಲ್ಲಿ ಆಡುವಾಗ ಬೆಳಿಗ್ಗೆ 10ಕ್ಕೇ ಶುರು ಮಾಡುವಂತಿಲ್ಲ, ಹಾಗಾಗಿ ಅವರ ಭಾನುವಾರದ ತವರಿನ ಪಂದ್ಯಗಳು ಬಹುತೇಕ ಎರಡನೇ ಪಾಳಿಗೆ, ಅಂದರೆ ನಮ್ಮ ನಡುರಾತ್ರಿಗೆ ಬೀಳುತ್ತವೆ. ಕೌಬಾಯ್ಸ್ ಟೆಕ್ಸಸ್‌ನವರಾದರೂ ಇಡೀ ದೇಶ ನೋಡುವ ತಂಡ, ಆದ್ದರಿಂದ ಟೀವಿಯವರು ಅವರನ್ನು 4:25ರ ಹೊತ್ತಿಗೇ ಇಟ್ಟುಕೊಳ್ಳಲು ನೋಡುತ್ತಾರೆ. ಅದು ನಮಗೆ ಬೆಳಗಿನ ಜಾವ 1:55, ಚಳಿಗಾಲದಲ್ಲಿ 2:55. ಮಲಗಿ ಏಳುವಂತಿಲ್ಲ, ಎದ್ದೇ ಇರುವಂತೆಯೂ ಇಲ್ಲ. ಬಿಲ್ಸ್, ಸ್ಟೀಲರ್ಸ್, ರೇವನ್ಸ್, ಬೆಂಗಾಲ್ಸ್, ಲಯನ್ಸ್, ಕೋಲ್ಟ್ಸ್, ಫಾಲ್ಕನ್ಸ್ ಮುಂತಾದ ಪೂರ್ವದ ಕಡೆಯ ತಂಡಗಳನ್ನು ಹಿಡಿದವರಿಗೆ ಅರ್ಧಕ್ಕರ್ಧ ಪಂದ್ಯಗಳು 10:30ಕ್ಕೆ ಸಿಗುತ್ತವೆ. ತಂಡ ಚೆನ್ನಾಗಿ ಆಡುತ್ತಿದ್ದರೆ ಇನ್ನೂ ಲಾಭ. ಗೆಲ್ಲುವವರನ್ನು ಪ್ರಮುಖ ಹೊತ್ತಿಗೆ ಹಾಕುತ್ತಾರೆ, ಅದು ನಮಗೆ ಬೆಳಗಿನ ಕಾಫಿಯ ಹೊತ್ತು. ಜಾಗ್ವಾರ್ಸ್ ಇನ್ನೊಂದು ಬಗೆ. ಲಾಹೋರಿನಲ್ಲಿ ಹುಟ್ಟಿದ ಶಾಹಿದ್ ಖಾನ್ ಒಡೆತನದ ಈ ತಂಡ 2013ರಿಂದ ಹೆಚ್ಚುಕಡಿಮೆ ಪ್ರತಿವರ್ಷ ಲಂಡನ್ನಿನಲ್ಲಿ ಆಡುತ್ತದೆ, ಆ ಪಂದ್ಯ ನಮಗೆ ಭಾನುವಾರ ಸಂಜೆ 7ಕ್ಕೆ.

ಯುರೋಪಿನ ಈ ಪಂದ್ಯಗಳನ್ನು ಬಿಡಲೇಬಾರದು. 2025ರಲ್ಲಿ ಡಬ್ಲಿನ್‌ನಲ್ಲಿ ಒಂದು, ಲಂಡನ್ನಿನಲ್ಲಿ ಮೂರು, ಬರ್ಲಿನ್ ಮತ್ತು ಮ್ಯಾಡ್ರಿಡ್‌ನಲ್ಲಿ ಒಂದೊಂದು ನಡೆದವು. ಅಕ್ಟೋಬರ್ ಕೊನೆಯವರೆಗಿನವು ಸಂಜೆ 7ಕ್ಕೆ, ನವೆಂಬರಿನ ಎರಡು ರಾತ್ರಿ 8ಕ್ಕೆ. ಬೆಂಗಳೂರಿನಲ್ಲಿ ನಾಲ್ಕು ಜನ ಒಟ್ಟಿಗೆ ಕೂತು, ಊಟ ಮಾಡಿಕೊಂಡು, ಅಕ್ಕಪಕ್ಕದ ಮನೆಯವರನ್ನು ಎಬ್ಬಿಸದೆ ಕೂಗಾಡಬಹುದಾದ ಪಂದ್ಯಗಳು ಇವಷ್ಟೇ. ಉಳಿದ ಪಂದ್ಯಗಳಿಗೆ ಪಬ್‌ನಲ್ಲಿ ಸೇರೋಣ ಅಂದರೆ ಪಂದ್ಯ ಮುಗಿಯುವ ಮೊದಲೇ ಬಾಗಿಲು ಹಾಕುತ್ತಾರೆ.

ಅಮೆರಿಕದ ಹೊರಗಿನವರಿಗೆ ನೋಡುವ ಮುಖ್ಯ ದಾರಿ ಎನ್‌ಎಫ್‌ಎಲ್ ಗೇಮ್ ಪಾಸ್. 2023ರಿಂದ ಅದು ಡಾಝೋನ್ (DAZN) ಆ್ಯಪಿನ ಮೂಲಕ ಬರುತ್ತದೆ. ದರ ವರ್ಷವರ್ಷ ಬದಲಾಗುವುದರಿಂದ ಆಗಸ್ಟ್ ಕೊನೆಗೆ ಒಮ್ಮೆ ನೋಡಿ. ಹಣ ಕಟ್ಟುವಾಗ ಕಾರ್ಡು ಒಪ್ಪದಿದ್ದರೆ ಬ್ಯಾಂಕಿನ ಆ್ಯಪಿನಲ್ಲಿ ಅಂತರರಾಷ್ಟ್ರೀಯ ವಹಿವಾಟು ಆನ್ ಇದೆಯೇ ನೋಡಿಕೊಳ್ಳಿ, ಹೆಚ್ಚಿನ ಸಲ ಅಡ್ಡಿ ಅದೇ. ಯಾವ ಚಂದಾ ಆದರೂ ತಾನಾಗಿ ನವೀಕರಣವಾಗುವ ಗುಂಡಿಯನ್ನು ಕೊಂಡ ದಿನವೇ ಆಫ್ ಮಾಡಿಬಿಡಿ. ಮುಂದಿನ ವರ್ಷದ ಹೊತ್ತಿಗೆ ಅದು ನೆನಪಿರುವುದಿಲ್ಲ.

ಕರೆಂಟು ಹೋದರೆ ಮೊದಲು ಸಾಯುವುದು ವೈಫೈ ರೂಟರ್. ರೂಟರಿಗೆಂದೇ ಅಂಗೈ ಅಗಲದ ಸಣ್ಣ ಯುಪಿಎಸ್ ಸಿಗುತ್ತದೆ, ಮೂರು ಗಂಟೆ ಆರಾಮವಾಗಿ ಎಳೆಯುತ್ತದೆ. ಕೊಳ್ಳುವ ಮುನ್ನ ರೂಟರಿನ ಅಡಾಪ್ಟರ್ ತಿರುಗಿಸಿ 12 ವೋಲ್ಟಾ 9 ವೋಲ್ಟಾ, ಎಷ್ಟು ಆ್ಯಂಪ್ ಎಂದು ಓದಿಕೊಳ್ಳಿ. ವೋಲ್ಟ್ ತಪ್ಪಿದರೆ ರೂಟರೇ ಸುಡಬಹುದು. ಫೈಬರಿನ ಡಬ್ಬಿ ಬೇರೆ, ವೈಫೈ ಡಬ್ಬಿ ಬೇರೆ ಇದ್ದರೆ ಎರಡಕ್ಕೂ ಬೇಕು. ಹಾಸ್ಟೆಲಿನಲ್ಲಿ ಮೊಬೈಲ್ ಡೇಟಾದಲ್ಲಿ ನೋಡುವವರು ಪೂರ್ತಿ ಪಂದ್ಯದ ಆಸೆ ಬಿಡಬೇಕು. ಎಚ್‌ಡಿಯಲ್ಲಿ ಗಂಟೆಗೆ ಸುಮಾರು 3 ಜಿಬಿ ಹೋಗುತ್ತದೆ, ಪಂದ್ಯವೋ ಮೂರು ಗಂಟೆ ದಾಟುತ್ತದೆ.

ಈ ಮೂರು ಗಂಟೆಯ ಗುಟ್ಟು ಅರ್ಥವಾದರೆ ಅರ್ಧ ಸಮಸ್ಯೆ ಕರಗುತ್ತದೆ. ಆಟದ ಗಡಿಯಾರದಲ್ಲಿ ಇರುವುದು 15 ನಿಮಿಷದ ನಾಲ್ಕು ಕ್ವಾರ್ಟರ್. ಚೆಂಡು ನಿಜಕ್ಕೂ ಆಟದಲ್ಲಿರುವುದು ಸರಾಸರಿ 11 ನಿಮಿಷ ಮಾತ್ರ ಎಂದು ವಾಲ್ ಸ್ಟ್ರೀಟ್ ಜರ್ನಲ್ 2010ರಲ್ಲಿ ಲೆಕ್ಕ ಹಾಕಿ ತೋರಿಸಿತ್ತು. ಉಳಿದದ್ದೆಲ್ಲ ಗುಂಪುಗೂಡುವುದು, ನಿಲ್ಲುವುದು, ಜಾಹೀರಾತು. ಅದಕ್ಕೇ ಗೇಮ್ ಪಾಸಿನಲ್ಲಿ ಎಡೆಯನ್ನೆಲ್ಲ ಕತ್ತರಿಸಿದ 40 ನಿಮಿಷದ ಆವೃತ್ತಿ ಇರುತ್ತದೆ. ಒಂದು ಆಟವೂ ತಪ್ಪುವುದಿಲ್ಲ, ಆದರೆ ಉಸಿರಾಡಲು ಬಿಡುವೂ ಇರುವುದಿಲ್ಲ. ಮೂರನೇ ಡೌನ್‌ಗೆ (10 ಯಾರ್ಡ್ ದಾಟಲು ಸಿಗುವ ನಾಲ್ಕು ಪ್ರಯತ್ನಗಳಲ್ಲಿ ಮೂರನೆಯದಕ್ಕೆ) ಮುಂಚಿನ ತಳಮಳ, ಕೋಚ್ ಟೈಮ್‌ಔಟ್ ಕೇಳಬೇಕೇ ಬೇಡವೇ ಎಂದು ಒದ್ದಾಡುವುದು, ಇದೆಲ್ಲ ಅದರಲ್ಲಿ ಕಾಣೆ. ಬೇರೆ ತಂಡಗಳ ಪಂದ್ಯಕ್ಕೆ ಅದು ಸಾಕು, ನಮ್ಮ ತಂಡದ ಪಂದ್ಯಕ್ಕೆ ಬೇಡ.

ನಮ್ಮ ತಂಡದ್ದಕ್ಕೆ ನಡುದಾರಿಯೊಂದಿದೆ. ಒಂದು ಆಟ ಮುಗಿದ ಮೇಲೆ ಮುಂದಿನ ಸ್ನ್ಯಾಪ್‌ಗೆ, ಅಂದರೆ ಚೆಂಡನ್ನು ಹಿಂದಕ್ಕೆ ಕೊಟ್ಟು ಮತ್ತೆ ಆಟ ಶುರುಮಾಡುವುದಕ್ಕೆ, ಇರುವ ಅವಧಿ 40 ಸೆಕೆಂಡ್. ಪೂರ್ತಿ ರೆಕಾರ್ಡಿಂಗ್ ಹಾಕಿಕೊಂಡು, ಆಟಗಾರ ನೆಲಕ್ಕೆ ಬಿದ್ದ ಕೂಡಲೇ 30 ಸೆಕೆಂಡ್ ಮುಂದೆ ಹಾರಿಸಿ. ಆ್ಯಪಿನಲ್ಲಿ 10 ಸೆಕೆಂಡಿನ ಗುಂಡಿ ಮಾತ್ರ ಇದ್ದರೆ ಮೂರು ಸಲ ಒತ್ತಿ. ಸರಿಯಾಗಿ ಎರಡೂ ತಂಡ ಎದುರುಬದುರು ನಿಲ್ಲುವ ಹೊತ್ತಿಗೆ ಇಳಿಯುತ್ತೀರಿ, ಸ್ನ್ಯಾಪ್‌ಗೆ ಮುಂಚಿನ ಐದಾರು ಸೆಕೆಂಡ್ ನಿಮ್ಮದಾಗುತ್ತದೆ. ಹೀಗೆ ನೋಡಿದರೆ ಪಂದ್ಯ ಒಂದೂಕಾಲು ಗಂಟೆಯ ಆಸುಪಾಸಿನಲ್ಲಿ ಮುಗಿಯುತ್ತದೆ. ಅರ್ಧದ ಕೊನೆಯ ಎರಡು ನಿಮಿಷಗಳಲ್ಲಿ ಮಾತ್ರ ರಿಮೋಟ್ ಕೆಳಗಿಡಿ. ಆಗ ಗುಂಪುಗೂಡದೆ ಓಡಿಬಂದು ಆಡುತ್ತಾರೆ, 30 ಹಾರಿಸಿದರೆ ಒಂದು ಆಟವೇ ಹಾರಿಹೋಗಿರುತ್ತದೆ.

ಸ್ಕೋರ್ ಗೊತ್ತಾಗದಂತೆ ಸೋಮವಾರ ಸಂಜೆಯವರೆಗೆ ಉಳಿಯುವುದು ಇದಕ್ಕಿಂತ ಕಷ್ಟ. ಆ್ಯಪಿನಲ್ಲಿ ಸ್ಕೋರ್ ಮುಚ್ಚುವ ಸೆಟ್ಟಿಂಗ್ ಇದ್ದರೂ ಸಾಲದು. ಮುಖಪುಟದ ಚಿತ್ರದಲ್ಲಿ ಯಾರು ಕುಣಿಯುತ್ತಿದ್ದಾರೆ ಎಂಬುದರಲ್ಲೇ ಫಲಿತಾಂಶ ಇರುತ್ತದೆ. ನೇರ ವಾರದ ಪಟ್ಟಿಗೆ ಹೋಗಿ ಅಲ್ಲಿಂದ ತೆರೆಯಿರಿ. ಯೂಟ್ಯೂಬ್ ಕಡೆ ತಲೆಯನ್ನೂ ಹಾಕಬೇಡಿ, ಒಂದು ಸಲ ಹೈಲೈಟ್ಸ್ ನೋಡಿದವರಿಗೆ ಅದು ಕೇಳದೆಯೇ ತಂದು ತಂದು ಕೊಡುತ್ತದೆ. ಮೊಬೈಲಿನ ಸುದ್ದಿಪಟ್ಟಿ, ಕೈಗಡಿಯಾರದ ನೋಟಿಫಿಕೇಶನ್ ಎರಡನ್ನೂ ಶನಿವಾರವೇ ಮುಚ್ಚಿ. ಫ್ಯಾಮಿಲಿ ವಾಟ್ಸಾಪ್ ಗುಂಪನ್ನು ಮ್ಯೂಟ್ ಮಾಡಿ, ಡಲ್ಲಾಸಿನ ಅಣ್ಣ ಸುಮ್ಮನಿರುವವನಲ್ಲ. ಇಷ್ಟೆಲ್ಲ ಕಾಪಾಡಿಕೊಂಡವರನ್ನೂ ಕೆಡಿಸುವುದು ವಿಡಿಯೋದ ಕೆಳಗಿನ ಗೆರೆ. ನಾಲ್ಕನೇ ಕ್ವಾರ್ಟರಿನಲ್ಲಿ ಒಂದು ನಿಮಿಷ ಉಳಿದು ಸ್ಕೋರ್ 20-20 ಇರುವಾಗ ಗೆರೆಯಲ್ಲಿ ಇನ್ನೂ 35 ನಿಮಿಷ ಕಂಡರೆ ಓವರ್‌ಟೈಮ್ ಇದೆ ಅಂತ ಹೊಳೆದುಬಿಡುತ್ತದೆ, ಆ ಒಂದು ನಿಮಿಷದ ಸ್ವಾರಸ್ಯ ಹೋಯಿತು. ಟೀವಿಯ ಕೆಳಅಂಚಿಗೆ ಎರಡು ಬೆರಳಗಲದ ಕಾಗದದ ಪಟ್ಟಿ ಅಂಟಿಸುವವರಿದ್ದಾರೆ. ನೋಡಿದವರು ನಗುತ್ತಾರೆ, ಆದರೆ ಅದಕ್ಕಿಂತ ಒಳ್ಳೆಯ ಉಪಾಯ ಇನ್ನೂ ಸಿಕ್ಕಿಲ್ಲ.

ನೇರಪ್ರಸಾರ ನೋಡುವಾಗಲೂ ಇದೇ ಕಾಟ. ಇಂಟರ್‌ನೆಟ್ಟಿನ ಪ್ರಸಾರ ಮೈದಾನಕ್ಕಿಂತ ಅರ್ಧ ನಿಮಿಷವೋ ಅದಕ್ಕಿಂತ ಹೆಚ್ಚೋ ಹಿಂದಿರುತ್ತದೆ. ಸ್ಕೋರ್ ಆ್ಯಪ್ ಮೊದಲೇ ಗುಂಯ್ ಅನ್ನುತ್ತದೆ.

ಭಾನುವಾರ ರಾತ್ರಿ ನಿಮ್ಮ ತಂಡದ ಪಂದ್ಯ ಇಲ್ಲದಿದ್ದರೆ ರೆಡ್‌ಝೋನ್ ಚಾನೆಲ್ ಹಾಕಿ. ಏಕಕಾಲಕ್ಕೆ ನಡೆಯುವ ಎಲ್ಲ ಪಂದ್ಯಗಳ ನಡುವೆ ನಿರೂಪಕ ಸ್ಕಾಟ್ ಹ್ಯಾನ್ಸನ್ ಏಳು ಗಂಟೆ ಜಿಗಿಯುತ್ತಾ ಹೋಗುತ್ತಾನೆ. ಯಾವ ತಂಡ ಎದುರಾಳಿಯ ಕೊನೆಯ 20 ಯಾರ್ಡಿನೊಳಗೆ ನುಗ್ಗಿದೆಯೋ ಅಲ್ಲಿಗೆ ಕ್ಯಾಮೆರಾ. ಕ್ರಿಕೆಟ್ ನೋಡಿ ಬೆಳೆದ ಕಣ್ಣಿಗೆ ಅಳತೆ ಸುಲಭ: ಪಿಚ್ 22 ಯಾರ್ಡ್, ರೆಡ್‌ಝೋನ್ ಅದಕ್ಕಿಂತ ಎರಡು ಯಾರ್ಡ್ ಕಡಿಮೆ. ನಾಲ್ಕು ಪ್ರಯತ್ನದಲ್ಲಿ ದಾಟಬೇಕಾದ 10 ಯಾರ್ಡ್ ಅಂದರೆ ಅರ್ಧ ಪಿಚ್ಚೂ ಅಲ್ಲ. ಅಷ್ಟಕ್ಕೆ 22 ಜನ ಗುದ್ದಾಡುವುದನ್ನು ಹೀಗೆ ಅಳೆದು ನೋಡಿದಾಗಲೇ 3 ಯಾರ್ಡಿನ ಬೆಲೆ ಗೊತ್ತಾಗುವುದು. ಟೀವಿಯಲ್ಲಿ ಕಾಣುವ ಹಳದಿ ಗೆರೆ ಮೈದಾನದಲ್ಲಿಲ್ಲ, ಅದು ಗ್ರಾಫಿಕ್ಸ್. 10 ಯಾರ್ಡ್ ದಾಟಿತೋ ಇಲ್ಲವೋ ಎಂದು ಸರಪಳಿ ಹಿಡಿದು ಅಳೆಯುತ್ತಿದ್ದವರ ಕೆಲಸವನ್ನು 2025ರಿಂದ ಹಾಕ್-ಐ ಕ್ಯಾಮೆರಾ ಮಾಡುತ್ತಿದೆ. ಎಲ್‌ಬಿಡಬ್ಲ್ಯೂಗೆ ನಾವು ಬೈಯುವ ಅದೇ ಹಾಕ್-ಐ. ಚೆಂಡು ಎಲ್ಲಿ ನಿಂತಿತು ಎಂದು ಗುರುತಿಸುವುದು ಮಾತ್ರ ಈಗಲೂ ಅಂಪೈರುಗಳ ಕಣ್ಣೇ, ಆದ್ದರಿಂದ ಬೈಗುಳಕ್ಕೆ ಇನ್ನೂ ಅವಕಾಶವಿದೆ.

ಹೊಸಬರು ಚೆಂಡನ್ನು ನೋಡುತ್ತಾರೆ, ಅದು ಸಹಜ. ಒಂದು ತಿಂಗಳ ಮೇಲೆ ಕಣ್ಣನ್ನು ಬೇರೆಡೆಗೆ ಹಾಯಿಸಬೇಕು. ಟೀವಿಯ ಕ್ಯಾಮೆರಾ ಚೆಂಡಿನ ಹಿಂದೆ ಹೋಗುವುದರಿಂದ ಹಿಂಭಾಗ ಕಾಯುವ ಸೇಫ್ಟಿಗಳು ಚೌಕಟ್ಟಿನ ಹೊರಗೇ ಉಳಿಯುತ್ತಾರೆ. ಇಪ್ಪತ್ತೆರಡೂ ಆಟಗಾರರನ್ನು ಮೇಲಿನಿಂದ ತೋರಿಸುವ ಆಲ್-22 ಎಂಬ ಚಿತ್ರಣ, ಕೋಚ್‌ಗಳು ನೋಡುವಂಥದ್ದು, ಪಂದ್ಯ ಮುಗಿದ ಒಂದೆರಡು ದಿನಕ್ಕೆ ಗೇಮ್ ಪಾಸಿನಲ್ಲಿ ಬರುತ್ತದೆ. ಮೂರನೇ ಡೌನ್, ಬೇಕಾದದ್ದು 7 ಯಾರ್ಡ್ ಎಂದಿಟ್ಟುಕೊಳ್ಳಿ. ಟೀವಿಯಲ್ಲಿ ಕಾಣುವುದು ಇಷ್ಟು: ಚೆಂಡು ಕ್ವಾರ್ಟರ್‌ಬ್ಯಾಕ್ (ಪಾಸ್ ಎಸೆಯುವವನು) ಕೈಗೆ ಬಂತು, ಎರಡು ಸೆಕೆಂಡ್ ನೋಡಿದ, ಮೂರನೇ ಸೆಕೆಂಡಿಗೆ ಕೆಡವಿದರು. ಅವನನ್ನು ಕಾಯುವ ಲೈನ್ ಸೋತಿತು ಅಂದುಕೊಳ್ಳುತ್ತೇವೆ. ಅದನ್ನೇ ಆಲ್-22ರಲ್ಲಿ ನೋಡಿದರೆ ಕಥೆ ಬೇರೆ. ಸ್ನ್ಯಾಪ್‌ಗೆ ಮುಂಚೆ ಇಬ್ಬರು ಸೇಫ್ಟಿಗಳು ಹನ್ನೆರಡು ಯಾರ್ಡ್ ಹಿಂದೆ, ಅಗಲವಾಗಿ ನಿಂತಿದ್ದಾರೆ. ನಡುವೆ ಖಾಲಿ ಇದೆ ಎಂದು ಕ್ವಾರ್ಟರ್‌ಬ್ಯಾಕ್ ಎಣಿಸುತ್ತಾನೆ. ಚೆಂಡು ಕದಲಿದ ಕ್ಷಣ ಒಬ್ಬ ಸೇಫ್ಟಿ ಮುಂದಕ್ಕೆ ಓಡಿಬಂದು ಆ ಖಾಲಿ ಜಾಗದಲ್ಲೇ ನಿಲ್ಲುತ್ತಾನೆ, ಇನ್ನೊಬ್ಬ ಹಿಂದೆಯೇ ನಟ್ಟನಡುವಿಗೆ ಸರಿಯುತ್ತಾನೆ. ಮೊದಲು ಗುರಿಯಿಟ್ಟ ರಿಸೀವರ್‌ಗೆ ದಾರಿ ಮುಚ್ಚಿತು. ಎರಡನೆಯವನನ್ನು ಹುಡುಕಲು ತಲೆ ತಿರುಗಿಸಿದ ಆ ಅರ್ಧ ಸೆಕೆಂಡಿನಲ್ಲಿ ಡಿಫೆನ್ಸ್ ಮೈಮೇಲೆ ಬಿದ್ದಿದೆ. ಲೈನಿನವರು ತಮ್ಮ ಎರಡೂವರೆ ಸೆಕೆಂಡ್ ಕೊಟ್ಟೇ ಇದ್ದರು. ವಾರಕ್ಕೆ ಮೂರನೇ ಡೌನ್‌ಗಳನ್ನಷ್ಟೇ ಆರಿಸಿ ಹತ್ತು-ಹನ್ನೆರಡು ಆಟ ಹೀಗೆ ನೋಡಿ, ಸಾಕು. ಎಲ್ಲ ನೋಡಲು ಹೋದವರು ಎರಡನೇ ವಾರಕ್ಕೇ ಸುಸ್ತಾಗುತ್ತಾರೆ.

10:30ರ ಪಂದ್ಯವನ್ನು ನೇರವಾಗಿ ನೋಡುವವರಿಗೆ ರಾತ್ರಿ ಒಂದೂವರೆ ಹೊತ್ತಿಗೆ ಬರುವ ಪ್ರಶ್ನೆ ಒಂದೇ: ಈಗ ಮಲಗಬಹುದೇ? ಅದಕ್ಕೂ ಲೆಕ್ಕವಿದೆ. ಮೊದಲು ಅಂತರ ನೋಡಿ. ಚೆಂಡನ್ನು ಎದುರಾಳಿಯ ಕೊನೆಗೆರೆ ದಾಟಿಸುವ ಟಚ್‌ಡೌನ್‌ಗೆ 6, ಅದರ ಮೇಲೆ ಹೆಚ್ಚೆಂದರೆ 2, ಒಟ್ಟು 8. ಹಾಗಾಗಿ 8 ಅಂಕದ ಅಂತರ ಒಂದೇ ಏಟಿಗೆ ಮುಚ್ಚಬಹುದು, 9 ಆದರೆ ಎರಡು ಸಲ ಚೆಂಡು ಬೇಕು. ಆಮೇಲೆ ಚೆಂಡು ಯಾರ ಕೈಲಿದೆ, ಎದುರಾಳಿಗೆ ಗಡಿಯಾರ ನಿಲ್ಲಿಸುವ ಟೈಮ್‌ಔಟ್ ಎಷ್ಟು ಉಳಿದಿದೆ ನೋಡಿ. ಮುಂದಿರುವ ತಂಡಕ್ಕೆ ಮೊದಲ ಡೌನ್ (ಹೊಸದಾಗಿ ನಾಲ್ಕು ಪ್ರಯತ್ನ) ಸಿಕ್ಕಿ, ಎದುರಾಳಿಯ ಬಳಿ ಟೈಮ್‌ಔಟ್ ಒಂದೂ ಇಲ್ಲದೆ, ಗಡಿಯಾರದಲ್ಲಿ 2 ನಿಮಿಷವೋ ಅದಕ್ಕಿಂತ ಕಡಿಮೆಯೋ ಇದ್ದರೆ ಆಟ ಮುಗಿಯಿತು. ಕ್ವಾರ್ಟರ್‌ಬ್ಯಾಕ್ ಮೂರು ಸಲ ಮೊಣಕಾಲೂರುತ್ತಾನೆ, ಪ್ರತಿ ಸಲ 40 ಸೆಕೆಂಡ್ ಕರಗುತ್ತದೆ, ಒಟ್ಟು 120. ಎದುರಾಳಿಗೆ ಇರುವ ಒಂದೊಂದು ಟೈಮ್‌ಔಟಿಗೂ 40 ಸೆಕೆಂಡ್ ಕಳೆಯಿರಿ: ಒಂದಿದ್ದರೆ 1:20, ಎರಡಿದ್ದರೆ 0:40. ಇದರೊಳಗಿದ್ದರೆ ಟೀವಿ ಆರಿಸಿ. ಎರಡು ನಿಮಿಷ ಉಳಿದಾಗ ತಾನಾಗಿ ಬರುವ ವಿರಾಮ ಇನ್ನೂ ಬಂದಿಲ್ಲದಿದ್ದರೆ ಅದನ್ನೂ ಎದುರಾಳಿಯ ಒಂದು ಟೈಮ್‌ಔಟ್ ಎಂದೇ ಎಣಿಸಬೇಕು, ಹಲವರು ಇದನ್ನೇ ಮರೆತು ಬೇಗ ಮಲಗಿಬಿಡುತ್ತಾರೆ.

ವಾರದ ನಡುವೆ ಹಿಂಬಾಲಿಸಬೇಕಾದ್ದು ಗಾಯಾಳುಗಳ ಪಟ್ಟಿ. ಭಾನುವಾರದ ಪಂದ್ಯಕ್ಕೆ ಬುಧವಾರ, ಗುರುವಾರ, ಶುಕ್ರವಾರ ಯಾರು ಅಭ್ಯಾಸ ಮಾಡಿದರು, ಯಾರು ಅರ್ಧಂಬರ್ಧ ಮಾಡಿದರು, ಯಾರು ಮಾಡಲೇ ಇಲ್ಲ ಎಂದು ತಂಡಗಳು ಹೇಳಲೇಬೇಕು. ಬುಧವಾರದ ಗೈರನ್ನು ದೊಡ್ಡದು ಮಾಡಬೇಡಿ, ಹಳೆಯ ಆಟಗಾರರಿಗೆ ಅಂದು ವಿಶ್ರಾಂತಿ ಕೊಡುವುದುಂಟು. ಶುಕ್ರವಾರದ್ದೇ ನಿಜವಾದ ಸುಳಿವು. ಆಡದವರ ಅಂತಿಮ ಪಟ್ಟಿ ಪಂದ್ಯಕ್ಕೆ 90 ನಿಮಿಷ ಮುಂಚೆ ಬರುತ್ತದೆ. ಮೊದಲ ಪಾಳಿಯದು ನಮಗೆ ಭಾನುವಾರ ರಾತ್ರಿ 9ಕ್ಕೆ. ಫ್ಯಾಂಟಸಿ ಆಡುವವರಿಗೆ ಇದು ವರವೇ ಸರಿ, ಊಟ ಮುಗಿಸಿ ತಂಡ ತಿದ್ದಬಹುದು. 1:55ರ ಪಂದ್ಯದಲ್ಲಿರುವ, ಆಡುವುದು ಅನುಮಾನವಿರುವ ಆಟಗಾರನನ್ನು ಮಾತ್ರ ನಂಬಿ ಮಲಗಬೇಡಿ. ಅವನ ಹೆಸರು ಪಟ್ಟಿಯಲ್ಲಿ ಬರುವ ಹೊತ್ತಿಗೆ ನಿಮಗೆ ಗಾಢ ನಿದ್ದೆ.

ಜನವರಿಯ ಪ್ಲೇಆಫ್‌ಗೆ 14 ತಂಡ, ಸೋತವರು ಮನೆಗೆ. ಆಗ ನಿದ್ದೆಯ ಲೆಕ್ಕವನ್ನು ಸ್ವಲ್ಪ ಸಡಿಲಿಸಲೇಬೇಕು. ಫೈನಲ್ ಪಂದ್ಯವಾದ ಸೂಪರ್ ಬೌಲ್ ಶುರುವಾಗುವುದು ನ್ಯೂಯಾರ್ಕಿನ ಭಾನುವಾರ ಸಂಜೆ 6:30ಕ್ಕೆ, ನಮಗೆ ಸೋಮವಾರ ಬೆಳಿಗ್ಗೆ 5ಕ್ಕೆ. ಸಾಂಟಾ ಕ್ಲಾರಾದಲ್ಲಿ ನಡೆದ 60ನೆಯದು ಅವರಿಗೆ 2026ರ ಫೆಬ್ರುವರಿ 8, ನಮಗೆ 9. ನಡುವಿನ ಹಾಡು-ಕುಣಿತದ ವಿರಾಮ ಮಾಮೂಲಿಗಿಂತ ಎರಡು ಪಟ್ಟು ಉದ್ದ, ಸ್ನಾನ-ತಿಂಡಿ ಎರಡೂ ಮುಗಿಯುತ್ತದೆ. ಪಂದ್ಯ ಮುಗಿಯಲು ಎಂಟೂವರೆ ದಾಟುವುದರಿಂದ ಎಂಟಕ್ಕೆ ಆಫೀಸ್ ಬಸ್ ಹತ್ತುವವರು ಆ ಸೋಮವಾರದ ರಜೆಯನ್ನು ಡಿಸೆಂಬರಿನಲ್ಲೇ ಹಾಕಿಡಲಿ. ಜ್ವರದ ನೆಪ ಪ್ರತಿ ಫೆಬ್ರುವರಿಯ ಎರಡನೇ ಸೋಮವಾರವೇ ಬಂದರೆ ಯಾರಿಗಾದರೂ ಅನುಮಾನ ಬರುತ್ತದೆ.

ಆಮೇಲಿನ ಏಳು ತಿಂಗಳು ಪಂದ್ಯವಿಲ್ಲ, ಸುದ್ದಿ ಇದೆ. ಮಾರ್ಚಿನಲ್ಲಿ ಆಟಗಾರರು ತಂಡ ಬದಲಿಸುತ್ತಾರೆ, ಏಪ್ರಿಲ್ ಕೊನೆಗೆ ಕಾಲೇಜಿನಿಂದ ಬರುವ ಹೊಸ ಆಟಗಾರರನ್ನು ತಂಡಗಳು ಆರಿಸಿಕೊಳ್ಳುವ ಡ್ರಾಫ್ಟ್. ಐಪಿಎಲ್ ಹರಾಜು ನೋಡಿದವರಿಗೆ ಡ್ರಾಫ್ಟ್ ಮೊದಲಿಗೆ ವಿಚಿತ್ರ ಅನ್ನಿಸುತ್ತದೆ. ಇಲ್ಲಿ ಕೂಗಾಟವಿಲ್ಲ, ಕಳೆದ ವರ್ಷ ಎಲ್ಲರಿಗಿಂತ ಕೆಟ್ಟದಾಗಿ ಆಡಿದವರಿಗೆ ಮೊದಲ ಆಯ್ಕೆ. ದುಡ್ಡಿನ ಮಿತಿ ಇಲ್ಲೂ ಇದೆ, 2025ರಲ್ಲಿ ತಂಡಕ್ಕೆ 27.92 ಕೋಟಿ ಡಾಲರ್. ಮೊದಲ ಸುತ್ತು ನಮಗೆ ಶುಕ್ರವಾರ ಬೆಳಿಗ್ಗೆ 5:30ಕ್ಕೆ. ಐದು ನಿಮಿಷ ನೋಡಿ ಮಲಗಿದರೆ ಏನೂ ನಷ್ಟವಿಲ್ಲ, ಹೆಸರುಗಳ ಪಟ್ಟಿ ಎದ್ದ ಮೇಲೂ ಹಾಗೇ ಇರುತ್ತದೆ. ಇನ್ನು 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಫ್ಲ್ಯಾಗ್ ಫುಟ್‌ಬಾಲ್ (ಕೆಡವುವ ಬದಲು ಸೊಂಟದ ಪಟ್ಟಿ ಕೀಳುವ ಆಟ) ಬರುತ್ತಿದೆ. ಅದಕ್ಕೆ ಒಪ್ಪಿಗೆ ಸಿಕ್ಕಿದ್ದು 2023ರ ಅಕ್ಟೋಬರಿನಲ್ಲಿ, ನಮ್ಮ ಮುಂಬೈನಲ್ಲೇ, ಕ್ರಿಕೆಟ್‌ಗೆ ಒಪ್ಪಿಗೆ ಕೊಟ್ಟ ಅದೇ ಸಭೆಯಲ್ಲಿ.

ಮೇ ಮಧ್ಯದಲ್ಲಿ ಹೊಸ ವೇಳಾಪಟ್ಟಿ ಹೊರಬೀಳುತ್ತದೆ. ಅಮೆರಿಕದವರು ಅದರಲ್ಲಿ ಎದುರಾಳಿ ಯಾರು, ತವರಿನಲ್ಲೋ ಹೊರಗೋ ಎಂದು ಹುಡುಕುತ್ತಾರೆ. ನೀವು ಪೆನ್ನು ಹಿಡಿದು 17 ಪಂದ್ಯಗಳ ಮುಂದೆ ಭಾರತದ ಸಮಯ ಬರೆಯಿರಿ. ಮಧ್ಯಾಹ್ನ 1ರವಕ್ಕೆ ಒಂದು ಗುರುತು, ರಾತ್ರಿಯವಕ್ಕೆ ಇನ್ನೊಂದು, 4:05 ಮತ್ತು 4:25ರವಕ್ಕೆ ಕಾಟು. ಕಾಟು ಆರಕ್ಕಿಂತ ಹೆಚ್ಚಾದರೆ ಕಾಗದದ ಪಟ್ಟಿಯನ್ನು ಆಗಸ್ಟಿನಲ್ಲೇ ಟೀವಿಗೆ ಅಂಟಿಸಿ.